ಕಾವೂರಿನ ಬಯಲಲ್ಲಿ ಮೊಟ್ಟೆಯಾಕಾರದ ಚೆಂಡು

ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿ ಕಾವೂರಿನ ಸಿಟಿ ಬಸ್ ಹತ್ತುವ ಮುನ್ನ ಪಕ್ಕದ ನೆಹರೂ ಮೈದಾನದತ್ತ ಒಮ್ಮೆ ಕಣ್ಣು ಹಾಯಿಸಿ. ಸಂಜೆಯಾದರೆ ಅಲ್ಲಿ ಹುಡುಗರು ಫುಟ್ಬಾಲಿನ ಹಿಂದೆ ಓಡುತ್ತಿರುತ್ತಾರೆ. ಬಸ್ಸು ಯೆಯ್ಯಾಡಿ, ಬೊಂದೇಲ್ ದಾಟಿ ಕಾವೂರು ತಲುಪುವಾಗ ಪೇಟೆಯ ಗದ್ದಲ ತುಸು ಹಿಂದೆ ಉಳಿಯುತ್ತದೆ. ಮಹಾಲಿಂಗೇಶ್ವರ ದೇವಸ್ಥಾನ, ಕೆರೆ, ಕುದುರೆಮುಖ ಕಂಪೆನಿಯ ವಸತಿ ಬಡಾವಣೆ, ಕೂಳೂರಿನತ್ತ ಸಾಗುವ ಲಾರಿಗಳು, ಆಗಾಗ ಬಜ್ಪೆಯತ್ತ ಇಳಿಯುವ ವಿಮಾನ. ಇದು ಕಾವೂರು. ಆ ವಿಮಾನದ ಸದ್ದು ಕೇಳಿದಾಗ ಗಂಡ ಅಥವಾ ಮಗ ಗಲ್ಫ್‌ನಲ್ಲಿರುವ ಯಾವ ಮನೆಯ ಹೆಂಗಸು ತಾನೇ ತಲೆ ಎತ್ತಿ ನೋಡುವುದಿಲ್ಲ?

ನನ್ನ ಅಕ್ಕನ ಮನೆ ಇರುವುದು ಇಲ್ಲೇ. ಕಳೆದ ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ್ದರಿಂದ ನಾಲ್ಕು ದಿನ ಇದ್ದು ಬರೋಣವೆಂದು ಹೋಗಿದ್ದೆ. ಮನೆಯಲ್ಲಿ ಒಂದು ತಕರಾರು ನನಗಾಗಿಯೇ ಕಾದಿತ್ತು. ಅಕ್ಕನ ಕಿರಿಯ ಮಗನಿಗೆ ಹದಿಮೂರು ವರ್ಷ. ಫುಟ್ಬಾಲ್ ಎಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಆದರೆ ಅವನ ಬೂಟುಗಳು ಕಪಾಟಿನ ಮೇಲೆ ಹಳೆಯ ಸೂಟ್‌ಕೇಸಿನ ಹಿಂದೆ ಬಿದ್ದಿದ್ದವು.

"ಇವನಿಂದ ಏನೂ ಆಗಲಿಕ್ಕಿಲ್ಲ. ಪಕ್ಕದ ಮನೆಯ ಹುಡುಗನನ್ನು ನೋಡು, ಇವನದೇ ಪ್ರಾಯ, ಎಷ್ಟು ಚೆನ್ನಾಗಿ ಆಡುತ್ತಾನೆ! ಇವನು ಟ್ಯೂಷನ್‌ಗಾದರೂ ಸರಿಯಾಗಿ ಹೋಗಲಿ" ಎಂದಳು ಅಕ್ಕ. ಹುಡುಗ ಮಾತನಾಡದೆ ತಟ್ಟೆಯಲ್ಲಿದ್ದ ಗೋಳಿಬಜೆಯನ್ನು ಚೂರು ಮಾಡುತ್ತಾ ಕುಳಿತಿದ್ದ.

ಅಂದು ಅಸರ್ ನಮಾಝ್ ಮುಗಿಸಿ, ಅವನನ್ನು ಕರೆದುಕೊಂಡು ಮನೆಯ ಹತ್ತಿರದ ಬಯಲಿಗೆ ಹೋದೆ. ಕೆಂಪುಕಲ್ಲಿನ ಕಟ್ಟೆಯ ಮೇಲೆ ನಾನು ಕುಳಿತೆ, ಅವನು ಬರಿಗಾಲಲ್ಲೇ ಇಳಿದ. ತಂಡ ಹಂಚುವುದನ್ನು ನೀವೂ ನೋಡಿರಬಹುದು. ಇಬ್ಬರು ದೊಡ್ಡ ಹುಡುಗರು ಎದುರುಬದುರು ನಿಂತು "ನೀನು ಬಾ, ನೀನು ಬಾ" ಎಂದು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಎತ್ತರದವರು ಹೋದರು, ಗಟ್ಟಿಮುಟ್ಟಾದವರು ಹೋದರು. ಕೊನೆಗೆ ಉಳಿದವನು ನಮ್ಮವನು. ಅವನನ್ನು ಯಾರೂ ಕರೆಯಲೂ ಇಲ್ಲ. ಉಳಿದ ತಂಡದತ್ತ ತಾನಾಗಿಯೇ ನಡೆದ. ಅಕ್ಕನ ಮಾತಿಗಿಂತ ಆ ನಾಲ್ಕು ಹೆಜ್ಜೆ ನನಗೆ ಹೆಚ್ಚು ನೋವು ತಂದಿತು.

ಆ ದಿನ ಬಯಲಲ್ಲಿ ಒಬ್ಬ ಅತಿಥಿ ಇದ್ದ. ಮೆಲ್ಬರ್ನಿನಲ್ಲಿ ನೆಲೆಸಿರುವ ನೆರೆಮನೆಯವರ ಮೊಮ್ಮಗ ರಜೆಗೆ ಬಂದಿದ್ದ. ಅವನ ಕೈಯಲ್ಲಿದ್ದ ಚೆಂಡು ದುಂಡಗಿರಲಿಲ್ಲ, ಮೊಟ್ಟೆಯ ಹಾಗಿತ್ತು! ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಹೇಳುವಂತಿಲ್ಲ. ಅದು ಆಸ್ಟ್ರೇಲಿಯನ್ ಫುಟ್ಬಾಲಂತೆ. ಒಂದೊಂದು ತಂಡದಿಂದ 18 ಮಂದಿ ಮೈದಾನಕ್ಕಿಳಿಯುತ್ತಾರೆ. ಮೈದಾನವೂ ಅಂಡಾಕಾರ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಅಂಚಿನ ಕಂಬಗಳ ಕಡೆ ಹೋದರೆ 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಎಸೆಯುವಂತಿಲ್ಲ, ಮುಷ್ಟಿಯಿಂದ ಗುದ್ದಿ ಕೊಡಬೇಕು.

ತಂಡ ಹಂಚಿದ್ದನ್ನು ನೋಡಿ ಆ ಹುಡುಗ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಆಂಟಿ, ನಮ್ಮಲ್ಲಿ ಹಿಂದಿನ ವರ್ಷ ಕೊನೆಯ ಸ್ಥಾನ ಬಂದ ತಂಡವೇ ಹೊಸ ಹುಡುಗರನ್ನು ಮೊದಲು ಆರಿಸುವುದು."

ವಿಷಯ ಹೀಗಿದೆ. ಅಲ್ಲಿನ ದೊಡ್ಡ ಲೀಗಿನಲ್ಲಿ 18 ಕ್ಲಬ್‌ಗಳಿವೆ. ವರ್ಷಕ್ಕೊಮ್ಮೆ, ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸುತ್ತಾರೆ. 1986ರಲ್ಲಿ ಆರಂಭವಾದ ಪದ್ಧತಿ ಇದು. ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಸರದಿಯನ್ನು ಕ್ಲಬ್‌ಗಳು ಪರಸ್ಪರ ಬದಲಾಯಿಸಿಕೊಳ್ಳುವುದೂ ಉಂಟು. 1993ರಿಂದ ವರ್ಷದ ಶ್ರೇಷ್ಠ ಎಳೆಯ ಆಟಗಾರನಿಗೆ ಪ್ರಶಸ್ತಿಯೂ ಇದೆ. ಯಾವ ತಂಡದ ಹುಡುಗರು ಹೆಚ್ಚು ಪ್ರತಿಭಾವಂತರು ಎಂದು ವರ್ಷವಿಡೀ ಅಳೆದು ತೂಗುತ್ತಾರೆ.

ಹೀಗೆ ನುರಿತವರು ಅಳೆದರೂ ಅಳತೆ ತಪ್ಪುತ್ತದೆ. 2001ರ ಆಯ್ಕೆಯನ್ನೇ ನೋಡಿ. ಮೊದಲು ಆಯ್ಕೆಯಾದ ಲ್ಯೂಕ್ ಹಾಡ್ಜ್ ನಿಜಕ್ಕೂ ದೊಡ್ಡ ಆಟಗಾರನಾದ. ಆದರೆ ಅದೇ ವರ್ಷ 58ನೆಯ ಆಯ್ಕೆಯಾಗಿ ಬಂದ ಡೇನ್ ಸ್ವಾನ್, ಹತ್ತು ವರ್ಷಗಳ ಬಳಿಕ 2011ರಲ್ಲಿ ಆ ಲೀಗಿನ ಶ್ರೇಷ್ಠ ಆಟಗಾರನ ಪದಕ ಗೆದ್ದ. ಲೆಬನಾನ್ ಮೂಲದ ಮುಸ್ಲಿಮ್ ಕುಟುಂಬದ ಬಾಚರ್ ಹೌಲಿಯನ್ನು ಮೊದಲ ಕ್ಲಬ್ ನಾಲ್ಕು ವರ್ಷಗಳಲ್ಲಿ ಆಡಿಸಿದ್ದು 26 ಪಂದ್ಯ ಮಾತ್ರ. ಆಮೇಲೆ ರಿಚ್ಮಂಡ್ ತಂಡ ಸೇರಿದ ಅವರು 2017, 2019 ಮತ್ತು 2020ರಲ್ಲಿ ಚಾಂಪಿಯನ್ ತಂಡದ ಆಟಗಾರರಾದರು.

ಎಳೆಯರನ್ನು ಹೋಲಿಸುವಾಗ ನಾವು ಪ್ರತಿಭೆ ಎಂದುಕೊಳ್ಳುವುದು ಎಷ್ಟೋ ಸಲ ಬರೀ ಪ್ರಾಯವಾಗಿರುತ್ತದೆ. ಒಂದೇ ತರಗತಿಯ ಇಬ್ಬರು ಮಕ್ಕಳ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿ ತಮ್ಮ ದೇಶದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದರು. ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿದ್ದರು. ಕೆಲವೇ ತಿಂಗಳು ದೊಡ್ಡವರಾದ್ದರಿಂದ ಮೊದಲು ಕಣ್ಣಿಗೆ ಬಿದ್ದರು, ಹೆಚ್ಚು ತರಬೇತಿ ಪಡೆದರು, ಮತ್ತಷ್ಟು ಮುಂದೆ ಹೋದರು. ಅದರ ಮೇಲೆ ದೇಹದ ಬೆಳವಣಿಗೆ ಬೇರೆ. ಹುಡುಗರು ದೊಡ್ಡವರಾಗಲು ಶುರುವಾಗುವುದು ಕೆಲವರಲ್ಲಿ ಒಂಬತ್ತಕ್ಕೆ, ಕೆಲವರಲ್ಲಿ ಹದಿನಾಲ್ಕಕ್ಕೆ. ಎರಡೂ ಸಹಜವೇ. ಪಕ್ಕದ ಮನೆಯ ಹುಡುಗನಿಗೆ ಮೀಸೆ ಚಿಗುರಿದೆ, ನಮ್ಮವನ ದನಿ ಇನ್ನೂ ಒಡೆದಿಲ್ಲ. ಅಕ್ಕ ಹೋಲಿಸುತ್ತಿದ್ದುದು ಇಬ್ಬರು ಆಟಗಾರರನ್ನಲ್ಲ, ಎರಡು ಮೈಕಟ್ಟುಗಳನ್ನು.

ಇನ್ನು ಊರು ಊರಿನ ಹುಡುಗರ ಹೋಲಿಕೆ. ಹಿಂದೊಮ್ಮೆ ದಕ್ಕೆಯಿಂದ ದೋಣಿ ಹತ್ತಿ ಕಸಬಾ ಬೆಂಗ್ರೆಗೆ ಹೋಗಿದ್ದೆ. ಒಂದೆಡೆ ಕಡಲು, ಒಂದೆಡೆ ನದಿ, ನಡುವೆ ಮರಳು. ಅಲ್ಲಿ ಫುಟ್ಬಾಲ್ ಮನೆಮನೆಯ ಮಾತು. ಮರಳಲ್ಲಿ ಚೆಂಡು ಪುಟಿಯುವುದಿಲ್ಲ, ಉರುಳುವುದೂ ಕಡಿಮೆ. ಹಾಗಾಗಿ ಮಕ್ಕಳು ಅದನ್ನು ಕಾಲಿಗಂಟಿಸಿಕೊಂಡೇ ಓಡುತ್ತಾರೆ. ಕಾವೂರಿನ ಗಟ್ಟಿ ಕೆಂಪು ನೆಲದಲ್ಲಿ ಚೆಂಡು ಎತ್ತರಕ್ಕೆ ಹಾರುತ್ತದೆ, ಇಲ್ಲಿಯ ಮಕ್ಕಳು ಜೋರಾಗಿ ಒದ್ದು ಬೆನ್ನಟ್ಟುತ್ತಾರೆ. ಒಬ್ಬರು ಮೇಲು, ಇನ್ನೊಬ್ಬರು ಕೀಳು ಎಂದರೆ ತಕ್ಕಡಿಯೇ ತಪ್ಪು. ಒಂದೊಂದು ನೆಲ ಒಂದೊಂದು ಪಾಠ ಕಲಿಸಿದೆ ಅಷ್ಟೇ.

ನಮ್ಮ ಸುತ್ತಲೂ ಇದಕ್ಕೆ ಸಾಕ್ಷಿಗಳಿವೆ. ಅಲ್‌ಐನ್‌ನಲ್ಲಿ ಹುಟ್ಟಿ ಕಣ್ಣೂರಿನಲ್ಲಿ ಕಾಲೇಜು ಓದಿದ ಸಹಲ್ ಅಬ್ದುಲ್ ಸಮದ್ 2018-19ರಲ್ಲಿ ಇಂಡಿಯನ್ ಸೂಪರ್ ಲೀಗಿನ ಉದಯೋನ್ಮುಖ ಆಟಗಾರ ಎನಿಸಿದರು. ಅದೇ ಲೀಗಿನ 2016ರ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಕಾಸರಗೋಡು ಜಿಲ್ಲೆಯ ಮುಹಮ್ಮದ್ ರಾಫಿಗೆ ಆಗ 34 ವರ್ಷ. ಒಬ್ಬರು ಬೇಗ ಕಣ್ಣಿಗೆ ಬಿದ್ದರು, ಇನ್ನೊಬ್ಬರು ಅನೇಕರು ಆಟ ಬಿಡುವ ಪ್ರಾಯದಲ್ಲೂ ಬೆಳಗಿದರು. ನಮ್ಮ ಕರ್ನಾಟಕ ತಂಡವನ್ನೇ ನೋಡಿ. ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ಕೈಗೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಮ್ಮವರು ಮೇಘಾಲಯವನ್ನು 3-2ರಿಂದ ಸೋಲಿಸಿದರು. ಒಂದು ರಾಜ್ಯಕ್ಕೇ ಅಷ್ಟು ವರ್ಷ ಬೇಕಾದರೆ ಹದಿಮೂರರ ಹುಡುಗನಿಗೆ ಇನ್ನೈದು ವರ್ಷ ಕೊಡಬಾರದೇ?

ಸಹೋದರಿಯರೇ, ನಾನು ಅಕ್ಕನಿಗಷ್ಟೇ ಬುದ್ಧಿ ಹೇಳಲು ಹೊರಟವಳಲ್ಲ. ಒಮ್ಮೆ ಕ್ಲಾಸಿನಲ್ಲಿ ಎಲ್ಲರೆದುರು ಒಬ್ಬ ವಿದ್ಯಾರ್ಥಿನಿಗೆ, "ನಿನ್ನ ಅಕ್ಕ ಹೀಗಿರಲಿಲ್ಲ" ಎಂದಿದ್ದೆ. ಆ ವರ್ಷವಿಡೀ ಅವಳು ಉತ್ತರ ಹೇಳಲು ಕೈ ಎತ್ತಲಿಲ್ಲ. ಉತ್ತರ ಗೊತ್ತಿರುತ್ತಿತ್ತು ಎಂಬುದು ಅವಳ ಪರೀಕ್ಷೆಯ ಹಾಳೆಗಳಲ್ಲಿ ಕಾಣುತ್ತಿತ್ತು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಮರುದಿನ ಬಯಲಿನ ಹುಡುಗರು ಮೆಲ್ಬರ್ನಿನ ನಿಯಮ ಪರೀಕ್ಷಿಸಿದರು. ಹಿಂದಿನ ದಿನ ಸೋತ ತಂಡಕ್ಕೆ ಮೊದಲ ಸರದಿ. ನಮ್ಮವನನ್ನು ಮೊದಲೇನೂ ಕರೆಯಲಿಲ್ಲ. ಆದರೆ ಕೊನೆಗೂ ಉಳಿಸಲಿಲ್ಲ, ಹೆಸರು ಹಿಡಿದು ಕರೆದರು. ಅವನು ಗೋಲು ಹೊಡೆಯಲಿಲ್ಲ. ಎರಡು ಸಲ ಮಾತ್ರ ದೊಡ್ಡವರ ಕಾಲುಗಳ ಸಂದಿಯಿಂದ ಚೆಂಡನ್ನು ಜಾಣತನದಿಂದ ಗೆಳೆಯನಿಗೆ ದಾಟಿಸಿದ. ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಅಂದು ಅಕ್ಕನೂ ಇದ್ದಳು. "ಇದನ್ನು ಯಾವಾಗ ಕಲಿತ ಇವನು?" ಎಂದಳು ಮೆಲ್ಲಗೆ.

ಮಗ್ರಿಬ್ ಬಾಂಗ್ ಕೇಳಿದಾಗ ಆಟ ನಿಂತಿತು. ರಾತ್ರಿ ಅಕ್ಕ ಸ್ಟೂಲ್ ಹತ್ತಿ ಕಪಾಟಿನ ಮೇಲಿಂದ ಬೂಟುಗಳನ್ನು ಇಳಿಸಿ, ಧೂಳು ಒರೆಸಿ ಬಾಗಿಲ ಬಳಿ ಇಟ್ಟಳು. ಟ್ಯೂಷನ್ ತಪ್ಪಿಸಬಾರದು ಎಂಬ ಷರತ್ತನ್ನೂ ಹಾಕಿದಳೆನ್ನಿ!

ನಿಮ್ಮ ಮನೆಯ ಕಪಾಟಿನ ಮೇಲೂ ಏನಾದರೂ ಇದೆಯೇ? ಬಣ್ಣದ ಡಬ್ಬಿಯೋ, ಹೊಲಿಗೆಯ ಪೆಟ್ಟಿಗೆಯೋ, ಬ್ಯಾಟೋ? ಒಮ್ಮೆ ಇಳಿಸಿ ನೋಡಿ. ಮಗುವನ್ನು ಹೋಲಿಸಲೇಬೇಕೆಂದಿದ್ದರೆ ನಿನ್ನೆಯ ಅದೇ ಮಗುವಿನೊಂದಿಗೆ ಹೋಲಿಸಿ.