ಮೊದಲು ಯಾವ ಬಾಟಲಿ?

ಶನಿವಾರ ಮಧ್ಯಾಹ್ನ ಮೂರೂವರೆ. ಜಯನಗರದ ಫ್ಲ್ಯಾಟೊಂದರ ಊಟದ ಮೇಜಿನ ಮೇಲೆ ಆರು ವಿಸ್ಕಿ ಬಾಟಲಿ ನಿಂತಿವೆ. ಎಡದಿಂದ ಗ್ಲೆನ್‌ಡ್ರೊನಾಕ್, ಆರ್ಡ್‌ಬೆಗ್, ಪಾಲ್ ಜಾನ್ ಬ್ರಿಲಿಯನ್ಸ್, ಟಾಲಿಸ್ಕರ್, ಅಮೃತ್ ಫ್ಯೂಷನ್, ಗ್ಲೆನ್‌ಮೊರೆಂಜಿ. ಚೀಲದಿಂದ ತೆಗೆದಂತೆ ಇಟ್ಟದ್ದು, ಕ್ರಮ ಇನ್ನೂ ಆಗಬೇಕು. ಏಳು ಗಂಟೆಗೆ ಆರು ಜನ ಸೇರುತ್ತಾರೆ. ಒಂದೊಂದು ಬಾಟಲಿಯಿಂದ ಒಬ್ಬೊಬ್ಬರಿಗೆ 15 ಮಿ.ಲೀ. ಆರು ಸುತ್ತು ಮುಗಿದಾಗ 90 ಮಿ.ಲೀ., ಅಂದರೆ ಬಾರಿನ ಲೆಕ್ಕದಲ್ಲಿ ಒಂದೂವರೆ ಲಾರ್ಜ್. ಯಾರೂ ಗಾಡಿ ತರುವಂತಿಲ್ಲ ಎಂದು ಬೆಳಗ್ಗೆಯೇ ಎಲ್ಲರಿಗೂ ಫೋನ್ ಹೋಗಿದೆ.

ಮನೆಯಾತ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಹಿಂಬದಿಯಲ್ಲಿ ಗೀಟು ಹಾಕುತ್ತಿದ್ದಾನೆ. ಅವನ ಹೆಂಡತಿ ಗ್ಲಾಸುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ಮೈಸೂರಿನ ಗೆಳೆಯ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು ಕೂತಿದ್ದಾನೆ. ನಿಮಗೆ ಕೊಟ್ಟಿರುವ ಕೆಲಸ ಲೇಬಲ್ ಓದುವುದು.

ಓದುತ್ತೀರಿ. ಗ್ಲೆನ್‌ಮೊರೆಂಜಿ 40 ಶೇಕಡಾ ಆಲ್ಕೋಹಾಲ್. ಗ್ಲೆನ್‌ಡ್ರೊನಾಕ್ 43. ಟಾಲಿಸ್ಕರ್ 45.8. ಬ್ರಿಲಿಯನ್ಸ್ 46, ಆರ್ಡ್‌ಬೆಗ್ಗೂ 46. ಫ್ಯೂಷನ್ 50.

"ಮುಗೀತಲ್ಲ ಗುರು, ಕಡಿಮೆಯಿಂದ ಜಾಸ್ತಿಗೆ ಹೋಗೋದು, ಅಷ್ಟೇ" ಎನ್ನುತ್ತಾನೆ ಮೈಸೂರಿನವನು.

"ಆರ್ಡ್‌ಬೆಗ್ ಆದ್ಮೇಲೆ ಫ್ಯೂಷನ್ನಾ?" ಒರೆಸುತ್ತಿದ್ದ ಕೈ ನಿಲ್ಲುತ್ತದೆ. "ಅದಾದ್ಮೇಲೆ ಏನು ಕುಡಿದ್ರೂ ಹೊಗೆನೇ ಕಣೋ. ಬಾಯಿಮಾತು ಯಾಕೆ, ನೋಡೇ ಬಿಡಿ."

ಆರ್ಡ್‌ಬೆಗ್ಗಿನ ಬಿರಡೆ ತೆಗೆಯುತ್ತೀರಿ. ಬಾಟಲಿಯನ್ನು ಮೂಗಿನ ಹತ್ತಿರ ತರುವ ಮೊದಲೇ ವಾಸನೆ ಮೇಜನ್ನು ದಾಟಿರುತ್ತದೆ. ಆರಿದ ಒಲೆಯ ಹೊಗೆ, ಟಾರು, ಹಿಂದಿನಿಂದ ಒಂದೆಳೆ ನಿಂಬೆ. ಇದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿನ ಐಲಾ ದ್ವೀಪದ ಸರಕು. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಹೆಪ್ಪುಗಟ್ಟಿದ ಸಸ್ಯರಾಶಿಗೆ ಅಲ್ಲಿ ಪೀಟ್ ಎನ್ನುತ್ತಾರೆ. ಮೊಳಕೆ ಬರಿಸಿದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದಾಗ ಫಿನಾಲ್ ಎಂಬ ರಾಸಾಯನಿಕಗಳು ಕಾಳಿಗೆ ಅಂಟಿಕೊಂಡು ಬಟ್ಟಿ ಇಳಿಸಿದ ಮೇಲೂ ಉಳಿಯುತ್ತವೆ. ಆರ್ಡ್‌ಬೆಗ್ ಬಳಸುವ ಬಾರ್ಲಿಯಲ್ಲಿ ಈ ಫಿನಾಲ್ ಹತ್ತು ಲಕ್ಷಕ್ಕೆ ಸುಮಾರು 50ರಿಂದ 55 ಭಾಗ. ಟಾಲಿಸ್ಕರಿನದು ಇದರ ಅರ್ಧಕ್ಕಿಂತ ಕಡಿಮೆ. ಈ ಅಂಕಿ ಕಾಳಿನದು, ಬಾಟಲಿಯೊಳಗಿನ ಪಾನೀಯದ್ದಲ್ಲ. ಲೇಬಲ್ಲಿನ ಶೇಕಡಾವಾರು ಲೆಕ್ಕದಲ್ಲಂತೂ ಹೊಗೆ ಕಾಣಿಸುವುದೇ ಇಲ್ಲ.

ಅರ್ಧ ಚಮಚ ಆರ್ಡ್‌ಬೆಗ್ ನಾಲಿಗೆಯ ಮೇಲೆ ಆಡಿಸಿ ನುಂಗುತ್ತೀರಿ. ಎರಡು ಗುಟುಕು ನೀರು. ಆಮೇಲೆ ಅರ್ಧ ಚಮಚ ಗ್ಲೆನ್‌ಮೊರೆಂಜಿ. ಅದು ಹಗುರವಾದ, ಕಿತ್ತಳೆ ಸಿಪ್ಪೆ ಮತ್ತು ಜೇನಿನ ಕಡೆಗೆ ವಾಲುವ ವಿಸ್ಕಿ. ಆ ಡಿಸ್ಟಿಲರಿಯ ತಾಮ್ರದ ಹಂಡೆಗಳ ಕತ್ತು 5.14 ಮೀಟರ್, ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರ. ಭಾರದ ಆವಿ ಅಷ್ಟು ಮೇಲೆ ಹತ್ತಲಾರದೆ ವಾಪಸು ಹಂಡೆಗೇ ಇಳಿಯುತ್ತದೆ, ಹಗುರವಾದದ್ದು ಮಾತ್ರ ದಾಟುತ್ತದೆ. ಅಷ್ಟು ಶ್ರಮಪಟ್ಟು ಉಳಿಸಿಕೊಂಡ ನಯ ಈಗ ನಿಮ್ಮ ಬಾಯಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಉರಿ, ಮಿಕ್ಕಿದ್ದೆಲ್ಲ ಆರ್ಡ್‌ಬೆಗ್ಗಿನ ಹೊಗೆ.

ಮನೆಯಾತ ಹಾಳೆಯ ತಳದಲ್ಲಿ 6 ಎಂದು ಬರೆದು ಪಕ್ಕದಲ್ಲಿ ಆರ್ಡ್‌ಬೆಗ್ ಎನ್ನುತ್ತಾನೆ. ಮೊದಲು ತುಂಬಿದ್ದು ಕೊನೆಯ ಸಾಲು.

ಇನ್ನೊಂದು ಸುಲಭದ ದಾರಿ ವಯಸ್ಸು. ಚಿಕ್ಕದರಿಂದ ದೊಡ್ಡದಕ್ಕೆ ಹೋಗಬಹುದಲ್ಲ? ಮತ್ತೆ ಲೇಬಲ್ ತಿರುಗಿಸುತ್ತೀರಿ. ಗ್ಲೆನ್‌ಮೊರೆಂಜಿ 10 ವರ್ಷ, ಟಾಲಿಸ್ಕರ್ 10, ಆರ್ಡ್‌ಬೆಗ್ 10, ಗ್ಲೆನ್‌ಡ್ರೊನಾಕ್ 12. ಪಾಲ್ ಜಾನ್ ಮತ್ತು ಅಮೃತ್ ಬಾಟಲಿಗಳ ಮೇಲೆ ವಯಸ್ಸೇ ಇಲ್ಲ. ಅದಕ್ಕೆ ಕಾರಣ ಹವೆ. ಸ್ಕಾಟ್ಲೆಂಡಿನ ತಂಪು ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗುತ್ತದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಗೋದಾಮಿನಲ್ಲಿ 10ರಿಂದ 12 ಶೇಕಡಾ ಹೋಗುತ್ತದೆ. ಮರದೊಳಕ್ಕೆ ಇಳಿಯುವುದು, ಹೊರಬರುವುದು ಎಲ್ಲವೂ ಅದೇ ಬಿರುಸಿನಲ್ಲಿ ನಡೆಯುವುದರಿಂದ ಅಲ್ಲಿನ ಹತ್ತು ವರ್ಷಕ್ಕೆ ಇಲ್ಲಿನ ಹತ್ತು ವರ್ಷ ಸಮನಲ್ಲ. ಇಲ್ಲಿ ಅಷ್ಟು ಕಾಲ ಇಟ್ಟರೆ ಪೀಪಾಯಿಯ ತಳದಲ್ಲಿ ಉಳಿಯುವುದೂ ಅಷ್ಟಕ್ಕಷ್ಟೆ. ವಯಸ್ಸಿನ ಕಾಲಂಗೆ ಮನೆಯಾತ ಅಡ್ಡಗೀಟು ಎಳೆಯುತ್ತಾನೆ.

ಮೈಸೂರಿನವನ ಕಣ್ಣು ಗ್ಲೆನ್‌ಡ್ರೊನಾಕ್ ಮೇಲಿದೆ. ಸ್ಪೇನಿನ ಒಲೊರೊಸೊ ಮತ್ತು ಪೆಡ್ರೊ ಹಿಮೆನೆಸ್ ಶೆರಿ ವೈನ್ ಇಟ್ಟಿದ್ದ ಪೀಪಾಯಿಗಳಲ್ಲಿ ಮಾಗಿದ ವಿಸ್ಕಿ ಅದು. ಬೆಳಕಿಗೆ ಹಿಡಿದರೆ ಕೆಂಪು ಬೆರೆತ ಕಂದು.

"ಎಲೆ ಹಾಕಿದ ಕೂಡಲೇ ತುದಿಗೆ ಪಾಯಸ ಬಡಿಸ್ತಾರಾ ಇಲ್ವಾ ಅತ್ತಿಗೆ? ಸಿಹಿಯಿಂದಲೇ ಶುರುವಾಗ್ಲಿ."

"ಅದು ಒಂದು ಚಮಚ ಕಣೋ, ಶಾಸ್ತ್ರಕ್ಕೆ. ಹೋಳಿಗೆ ತುಪ್ಪ ಮೊದಲೇ ಹೊಟ್ಟೆ ತುಂಬಾ ಹಾಕಿ ಆಮೇಲೆ ಕೋಸಂಬರಿ ಬಡಿಸಿದ್ರೆ ಅದನ್ನ ಯಾರು ಮುಟ್ತಾರೆ?"

ಇದೂ ಪರೀಕ್ಷೆಯಾಗಲಿ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಬ್ರೆಡ್ಡಿನ ಬಿಳಿ ಭಾಗ ಎರಡು ತುಂಡು ಅಗಿದು, ಬಾಲ್ಕನಿಗೆ ಹೋಗಿ ಹತ್ತು ನಿಮಿಷ ಗಾಳಿ ಕುಡಿದು ಬರುತ್ತೀರಿ. ಗ್ಲೆನ್‌ಡ್ರೊನಾಕ್ ಅರ್ಧ ಚಮಚ: ಒಣದ್ರಾಕ್ಷಿ, ಖರ್ಜೂರ, ದಾಲ್ಚಿನ್ನಿ, ಕೊನೆಯಲ್ಲಿ ಒಸಡು ಹಿಡಿಯುವ ಒಗರು. ಹಿಂದೆಯೇ ಗ್ಲೆನ್‌ಮೊರೆಂಜಿ. ಈ ಸಲ ಹೊಗೆ ಮುಚ್ಚಿಲ್ಲ, ಕಿತ್ತಳೆ ಸಿಗುತ್ತದೆ. ಆದರೆ ಒಟ್ಟಾರೆ ತೆಳ್ಳಗೆ, ನೀರು ಬೆರೆಸಿದಂತಿದೆ. ವಿಸ್ಕಿ ಕೆಟ್ಟದ್ದಲ್ಲ, ಹಿಂದಿನ ಗ್ಲಾಸಿನ ದಪ್ಪ ಇದನ್ನು ಬಡವಾಗಿಸಿದೆ.

"ಒಪ್ಕೊಂಡೆ" ಎನ್ನುತ್ತಾನೆ ಮೈಸೂರಿನವನು, ನೀವು ಬಾಯಿ ತೆರೆಯುವ ಮೊದಲೇ. ಅವನೂ ಕುಡಿದು ನೋಡಿದ್ದಾನೆ.

ಅಲ್ಲಿಗೆ ಗ್ಲೆನ್‌ಮೊರೆಂಜಿ ಒಂದನೆಯದು. ಎರಡನೆಯದಕ್ಕೆ ಬ್ರಿಲಿಯನ್ಸ್, ಚರ್ಚೆಯಿಲ್ಲದೆ. ಗೋವಾದ ಕುಂಕಳ್ಳಿಯಲ್ಲಿ ನಮ್ಮ ಆರು ಸಾಲಿನ ತೆನೆಯ ಬಾರ್ಲಿಯಿಂದ ಮಾಡಿದ್ದು, ಹೊಗೆ ಇಲ್ಲ. ಗ್ಲೆನ್‌ಮೊರೆಂಜಿಯಂತೆ ಇದೂ ಬೂರ್ಬನ್ ಪೀಪಾಯಿಯ ಕೂಸು. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು, ಒಂದು ಸಲ ಬಳಸಿದ್ದು ಮತ್ತೆ ಅದಕ್ಕೆ ಬರುವುದಿಲ್ಲ. ಹೀಗೆ ಮಿಕ್ಕಿದ ಪೀಪಾಯಿಗಳು ಸ್ಕಾಟ್ಲೆಂಡಿಗೂ ಬರುತ್ತವೆ, ಗೋವಾಕ್ಕೂ ಬರುತ್ತವೆ. ಒಂದೇ ಬಗೆಯ ಮರ, ಬೇರೆ ಕಾಳು, ಬೇರೆ ಸೆಕೆ. ಅಕ್ಕಪಕ್ಕ ಕುಡಿದರೆ ಹವೆ ಏನು ಮಾಡುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಮೂರನೆಯ ಜಾಗ ಗ್ಲೆನ್‌ಡ್ರೊನಾಕ್‌ಗೆ. ಲೇಬಲ್ಲಿನಲ್ಲಿ ಬ್ರಿಲಿಯನ್ಸ್‌ಗಿಂತ 3 ಶೇಕಡಾ ಕಡಿಮೆ, ಬಾಯಲ್ಲಿ ಅದಕ್ಕಿಂತ ಭಾರ.

ಉಳಿದದ್ದು ನಾಲ್ಕು ಮತ್ತು ಐದು. ಜಗಳ ಶುರುವಾಗುವುದೇ ಇಲ್ಲಿ.

ಅಮೃತ್ ಫ್ಯೂಷನ್ನಿನಲ್ಲಿ ಮುಕ್ಕಾಲು ಪಾಲು ಹೊಗೆಯಿಲ್ಲದ ಭಾರತದ ಬಾರ್ಲಿ, ಕಾಲು ಪಾಲು ಪೀಟ್ ಹೊಗೆ ಕುಡಿದ ಸ್ಕಾಟ್ಲೆಂಡಿನ ಬಾರ್ಲಿ. ಬೇರೆಬೇರೆಯಾಗಿ ಬಟ್ಟಿ ಇಳಿಸಿ ಕೂಡಿಸಿದ್ದು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರಿದ್ದು ಗ್ಲಾಸ್ಗೊದಲ್ಲಿ. ವಿಸ್ಕಿ ವಿಮರ್ಶಕ ಜಿಮ್ ಮರ‍್ರೆ ತಮ್ಮ 'ವಿಸ್ಕಿ ಬೈಬಲ್'ನ 2010ರ ಆವೃತ್ತಿಯಲ್ಲಿ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟ ಮೇಲೆ ಊರಿನವರೂ ತಿರುಗಿ ನೋಡಿದರು. ಹೊಗೆಯ ಲೆಕ್ಕದಲ್ಲಿ ಅದು ಟಾಲಿಸ್ಕರಿಗಿಂತ ಹಿಂದೆ, ಖಾರದ ಲೆಕ್ಕದಲ್ಲಿ ಮುಂದೆ. ಸ್ಕೈ ದ್ವೀಪದ ಟಾಲಿಸ್ಕರಿಗೆ ಉಪ್ಪುಗಾಳಿಯ ಗುಣ, ಕೊನೆಯಲ್ಲಿ ಕರಿಮೆಣಸು. 50 ಶೇಕಡಾದ್ದನ್ನು ಮೊದಲು ಕುಡಿದ ನಾಲಿಗೆಗೆ ಆ ಮೆಣಸು ಸಿಗುತ್ತದೆಯೇ?

"ನೀರು ಹಾಕಿ ಇಳಿಸೋಣ" ಎನ್ನುತ್ತಾರೆ ಮನೆಯಾಕೆ.

ಲೆಕ್ಕ ನಿಮ್ಮ ತಲೆಗೆ ಬರುತ್ತದೆ. 15 ಮಿ.ಲೀ. ಫ್ಯೂಷನ್ನಿನಲ್ಲಿ ಏಳೂವರೆ ಮಿ.ಲೀ. ಆಲ್ಕೋಹಾಲ್. ಅದನ್ನು 46ಕ್ಕೆ ತರಲು ಬೇಕಾದ ನೀರು 1.3 ಮಿ.ಲೀ., ಹೆಚ್ಚುಕಡಿಮೆ ಕಾಲು ಟೀ ಚಮಚ. ಮೆಡಿಕಲ್ ಶಾಪಿನಿಂದ ತಂದ, ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಎಳೆದು ಗ್ಲಾಸಿಗೆ ಬಿಡುತ್ತೀರಿ. ಬಿದ್ದ ಜಾಗದಲ್ಲಿ ಎಣ್ಣೆಯ ಎಳೆಗಳಂಥ ಸುಳಿ ಎದ್ದು, ಒಂದು ಸುತ್ತು ತಿರುಗಿ ಕರಗುತ್ತದೆ. ಮೂಗಿಟ್ಟರೆ ಮೊದಲಿದ್ದ ಚುರುಕು ತಗ್ಗಿದೆ, ಹೊಗೆ ಮಾತ್ರ ಇನ್ನೂ ಎದ್ದು ಬಂದಿದೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ. ಹೊಗೆವಾಸನೆಯ ಗ್ವಾಯಕಾಲ್ ಎಂಬ ಅಣುವನ್ನು ಗಡುಸು ವಿಸ್ಕಿಯಲ್ಲಿ ಆಲ್ಕೋಹಾಲ್ ಸುತ್ತುವರಿದು ಒಳಗೇ ಹಿಡಿದಿಡುತ್ತದೆ. ನೀರು ಸೇರಿದಾಗ ಅದು ಮೇಲ್ಮೈಗೆ ಬರುತ್ತದೆ, ಮೂಗಿಗೆ ಹತ್ತಿರವಾಗುತ್ತದೆ.

"ಹಾಗಾದ್ರೆ ಎಲ್ಲರೂ ಮೊದಲು ಒಂದು ಗುಟುಕು ಹಾಗೇ ಕುಡೀಲಿ, ಆಮೇಲೆ ನೀರು. ಟಾಲಿಸ್ಕರಿಗೆ ಮುಂಚೆ ಬಾಯಿ ತಣ್ಣಗಾಗತ್ತೆ" ಎಂದು ಮನೆಯಾತ ನಾಲ್ಕು ಫ್ಯೂಷನ್, ಐದು ಟಾಲಿಸ್ಕರ್ ಎಂದು ಬರೆಯುತ್ತಾನೆ. ಮೈಸೂರಿನವನು ತಲೆಯಾಡಿಸುತ್ತಾನೆ, ಅಡ್ಡಡ್ಡ.

ಐದು ಗಂಟೆ. ಇನ್ನು ಮನೆಯ ಸರದಿ. ಮೂಗಿಗೆ ಎದುರಾಳಿ ಆಗುವ ವಾಸನೆಯೆಲ್ಲ ಹೊರಗೆ. ಸಂಜೆಯ ಊದುಬತ್ತಿ ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಬೇಗನೆ. ಸಾರಿನ ಒಗ್ಗರಣೆ ಆರನೇ ಸುತ್ತಿನ ನಂತರವೇ. ಮೈಸೂರಿನವನು ತಂದಿರುವ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣವನ್ನು ಮನೆಯಾಕೆ ಬೀರುವಿನ ಮೇಲಿಡುತ್ತಾರೆ, ಅವನ ಕಣ್ಣೆದುರೇ. ಆ ಖಾರ, ಇಂಗು, ಕರಿಬೇವಿನ ಮುಂದೆ ಯಾವ ವಿಸ್ಕಿಯೂ ನಿಲ್ಲದು. ಮೇಜಿಗೆ ಬರುವುದು ಸಪ್ಪೆ ಪುರಿ ಮತ್ತು ಬ್ರೆಡ್ಡು. ನೀರೂ ಬೋರ್‌ವೆಲ್ಲಿನದಲ್ಲ, ಅದರ ಸುಣ್ಣದ ರುಚಿ ನಾಲಿಗೆಗೆ ಕೂರುತ್ತದೆ. ಕಾವೇರಿ ನೀರು ಕಾಯಿಸಿ ಆರಿಸಿದ್ದು, ಫ್ರಿಜ್ಜಿಗೆ ಹೋಗಿಲ್ಲ. ತಣ್ಣನೆ ನೀರಿಗೆ ನಾಲಿಗೆ ಮರಗಟ್ಟುತ್ತದೆ.

ಟುಲಿಪ್ ಹೂವಿನಾಕಾರದ ಗ್ಲೆನ್‌ಕೆರ್ನ್ ಗ್ಲಾಸುಗಳು ಹನ್ನೆರಡೇ ಇವೆ. ತಲೆಗೆ ಎರಡು. ಕೂಡಲೇ ಹಂಚಿಕೆಯಾಗುತ್ತದೆ: ಒಂದು ಹೊಗೆಯಿಲ್ಲದ ಮೂರಕ್ಕೆ, ಇನ್ನೊಂದು ಹೊಗೆಯ ಮೂರಕ್ಕೆ, ನಡುವೆ ಬಿಸಿನೀರಿನಲ್ಲಿ ತೊಳೆಯುವುದು. ಸೋಪು ಬೇಡ, ಅದರ ವಾಸನೆ ಉಳಿಯುತ್ತದೆ. 15 ಮಿ.ಲೀ. ಅಳೆಯಲು ಕೆಮ್ಮಿನ ಸಿರಪ್ಪಿನ ಪ್ಲಾಸ್ಟಿಕ್ ಮುಚ್ಚಳ ಇದೆ, ಗೆರೆ ಸಮೇತ. ನಾಲ್ಕು ಸಲ ತೊಳೆದು ಮೂಸಿ ನೋಡಿ ಪಾಸು ಮಾಡುತ್ತೀರಿ.

ಏಳೂ ಕಾಲು. ಎಲ್ಲರೂ ಬಂದಾಯಿತು. ಬಾಟಲಿಗಳಿಗೆ ಹಳೇ ಪೇಪರ್ ಸುತ್ತಿ ಮೇಲೆ ಸಂಖ್ಯೆ ಮಾತ್ರ ಬರೆದಿದೆ, ಹೆಸರು ನೋಡಿ ಮೆಚ್ಚುವ ಚಪಲ ಎಲ್ಲರಿಗೂ ಇದ್ದದ್ದೇ. ಒಂದನೇ ಸುತ್ತಿನಲ್ಲಿ ಯಾರೋ "ಕಿತ್ತಳೆ" ಎನ್ನುತ್ತಾರೆ, ನೀವು ನಕ್ಕು ಸುಮ್ಮನಾಗುತ್ತೀರಿ. ಎರಡರಲ್ಲಿ ಗೋವಾದ ಬಿಸಿಲನ್ನು ಯಾರೂ ಗುರುತಿಸುವುದಿಲ್ಲ, ಆದರೆ ಗ್ಲಾಸುಗಳು ಮೊದಲಿನದಕ್ಕಿಂತ ಬೇಗ ಖಾಲಿಯಾಗುತ್ತವೆ. ಮೂರಕ್ಕೆ ಕೋಣೆಯಲ್ಲಿ ಮಾತು ಹೆಚ್ಚುತ್ತದೆ. ಹತ್ತು ನಿಮಿಷ ಬಿಡುವು, ಪುರಿ, ನೀರು. ವಿಸ್ಕಿ ಎಂದರೆ ಗಂಟಲು ಸುಡುವುದು ಎಂದುಕೊಂಡೇ ಬಂದಿದ್ದ ಎದುರುಮನೆಯಾತ ಇಲ್ಲಿಯವರೆಗೆ ಒಮ್ಮೆಯೂ ಮುಖ ಕಿವುಚಿಲ್ಲ. ಆರ್ಡ್‌ಬೆಗ್ಗಿನಿಂದ ಶುರುಮಾಡಿದ್ದರೆ ಆತ ಒಂದನೇ ಸುತ್ತಿಗೇ ಚಪ್ಪಲಿ ಹುಡುಕುತ್ತಿದ್ದ.

ನಾಲ್ಕು. ನೀರಿಲ್ಲದ ಗುಟುಕಿಗೆ ಇಬ್ಬರು ಕೆಮ್ಮುತ್ತಾರೆ. ಸಿರಿಂಜು ಕೈಯಿಂದ ಕೈಗೆ ಹೋಗುತ್ತದೆ. ಐದು. ಆರು. ಪೇಪರ್ ಬಿಚ್ಚಿದಾಗ ನಾಲ್ಕನೆಯದು ಕಂಬೀಪುರದ್ದು ಎಂದು ತಿಳಿದು ಎದುರುಮನೆಯಾತ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ವಿಳಾಸ ಓದುತ್ತಾನೆ.

"ಟಾಲಿಸ್ಕರಿನ ಮೆಣಸು ನನಗೆ ಅರ್ಧನೂ ಸಿಗಲಿಲ್ಲ" ಎನ್ನುತ್ತಾನೆ ಮೈಸೂರಿನವನು. "ಫ್ಯೂಷನ್ ನುಂಗಿ ಹಾಕ್ತು."

"ನನಗೆ ಸಿಕ್ತಪ್ಪ, ಪೂರ್ತಿ" ಎನ್ನುತ್ತಾನೆ ಮನೆಯಾತ.

ಕೈ ಎತ್ತಿಸಿದರೆ ಮೂರು ಆ ಕಡೆ, ಮೂರು ಈ ಕಡೆ. ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿದೆ, ಕಡಲೆಬೀಜ ಬೀರುವಿನಿಂದ ಇಳಿದಿದೆ. ಮನೆಯಾತ ಕ್ಯಾಲೆಂಡರ್ ಹಾಳೆಯ ನಾಲ್ಕು, ಐದರ ನಡುವೆ ಮೇಲೆಕೆಳಗೆ ಬಾಣ ಬಿಡಿಸಿ, ಮುಂದಿನ ಸಲ ಅದಲುಬದಲು ಮಾಡಿ ನೋಡೋಣ ಎನ್ನುತ್ತಾನೆ.

"ನೋಡಿ ರೀ, ಧಾರಾಳವಾಗಿ" ಎಂದು ಒಳಗಿನಿಂದ ಉತ್ತರ ಬರುತ್ತದೆ. "ಮೈಸೂರಲ್ಲಿ, ಅವರ ಮನೇಲಿ. ಗ್ಲಾಸ್ ತೊಳೆಯೋ ಕ್ರಮ ಅಲ್ಲಿ ಅವರೇ ಹಾಕ್ಲಿ."