ಹಲ್ಲು ನೋಡಿ ಎತ್ತು, ಕೆಲಸ ನೋಡಿ ಕಂಪ್ಯೂಟರ್

ಎತ್ತು ಕೊಳ್ಳಲು ದನದ ಸಂತೆಗೆ ಹೋದ ರೈತ ಮೊದಲಿಗೇ ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ತನ್ನದು ಎರೆಯ ಹೊಲವೋ ಮಸಾರಿಯೋ, ಗಳೆ ಹೊಡೆಯಬೇಕೋ ಚಕ್ಕಡಿ ಎಳೆಯಬೇಕೋ ಎಂಬ ಲೆಕ್ಕ ಅವನ ತಲೆಯಲ್ಲಿ ಮೊದಲೇ ಇರುತ್ತದೆ. ಅದೇ ಮನೆತನದವರು ಕಂಪ್ಯೂಟರ್ ಕೊಳ್ಳಲು ಹೊರಟಾಗ ಮಾತ್ರ ಈ ಜಾಣತನವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಅಂಗಡಿಯವನು ತೋರಿಸಿದ್ದೇ ಚೆಂದ, ಹೇಳಿದ್ದೇ ಬೆಲೆ!

ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನಲ್ಲೂ ಪಡಸಾಲೆಯೇ ಕಚೇರಿಯಾಗಿರುವ ಮನೆಗಳು ಈಗ ಅಪರೂಪವಲ್ಲ. ಅಂಥ ಒಂದು ಮನೆಯ ಯಜಮಾನರು ಸುತ್ತಲಿನ ಅಂಗಡಿಗಳ ಲೆಕ್ಕ ಬರೆಯುತ್ತಾರೆ, ಜಿಎಸ್‌ಟಿ ರಿಟರ್ನ್ ತುಂಬುತ್ತಾರೆ. ಮಗಳು ಪಿಯುಸಿ ಎರಡನೆಯ ವರ್ಷ, ವಿಜ್ಞಾನ. 2014ರಲ್ಲಿ ಕೊಂಡ ಅವರ ಕಂಪ್ಯೂಟರ್ ಗುಂಡಿ ಒತ್ತಿದ ಮೇಲೆ ಒಂದು ಚಹಾ ಕುಡಿದು ಮುಗಿಸುವವರೆಗೂ ಕಣ್ಣು ತೆರೆಯುತ್ತಿರಲಿಲ್ಲ. ಹೊಸದಕ್ಕೆ ಅಂಗಡಿಯವರು ಹೇಳಿದ್ದು ಐವತ್ತು ಸಾವಿರದ ಆಸುಪಾಸು. ಕೈಯಲ್ಲಿದ್ದ ಹಣವೂ ಅಷ್ಟೇ. ಅದು ಮಗಳ ಮುಂದಿನ ವರ್ಷದ ಹಾಸ್ಟೆಲ್ ಖರ್ಚಿಗೆಂದು ತೆಗೆದಿಟ್ಟದ್ದು.

“ನಮ್ಮ ಹೊಟ್ಟಿ ಇದರ ಮ್ಯಾಲ ನಡದೈತಿ ತಂಗಿ, ಹೊಸಾದು ತರೂದು ಬಿಟ್ಟರ ಬ್ಯಾರೆ ದಾರಿ ಇಲ್ಲ” ಎಂದರು ತಂದೆ.

“ತಡೀ ಅಪ್ಪಾ, ಮೊದಲ ಇದಕ್ಕ ಏನಾಗೇತಿ ನೋಡೂಣು” ಎಂದಳು ಮಗಳು.

ಮಗಳ ಮಾತಿನಲ್ಲಿ ವಿಜ್ಞಾನವಿದೆ. ‘ನಿಧಾನ’ ಎಂಬುದು ಜ್ವರವಿದ್ದಂತೆ. ಅದು ರೋಗದ ಲಕ್ಷಣವೇ ಹೊರತು ರೋಗವಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಬಹಳ ಸಲ ತಡವಾಗುವುದು ಅದರ ಮಿದುಳಲ್ಲ, ಉಗ್ರಾಣ. ಹಾರ್ಡ್ ಡಿಸ್ಕ್ ಎಂಬ ಆ ಉಗ್ರಾಣದೊಳಗೆ ಗ್ರಾಮಫೋನಿನಂತೆ ತಟ್ಟೆಯೊಂದು ತಿರುಗುತ್ತದೆ, ಅದರ ಮೇಲೆ ಮುಳ್ಳಿನಂಥ ಭಾಗವೊಂದು ಸರಿದಾಡುತ್ತದೆ. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಸರಿಯುವ ಹೊತ್ತು ಬೇರೆ. ಒಂದು ಹುಡುಕಾಟಕ್ಕೆ 10 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಹುಡುಕಾಟಕ್ಕೆ 100 ಸೆಕೆಂಡು! ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಉಗ್ರಾಣದಲ್ಲಿ ತಿರುಗುವ ತಟ್ಟೆಯೇ ಇಲ್ಲ. ಒಂದು ಹುಡುಕಾಟಕ್ಕೆ 0.1 ಮಿಲಿಸೆಕೆಂಡು ಹಿಡಿದರೂ ಅದೇ ಕೆಲಸ 1 ಸೆಕೆಂಡಿನಲ್ಲಿ ಮುಗಿಯುತ್ತದೆ. ಇಡೀ ಯಂತ್ರವನ್ನು ಬದಲಿಸುವ ಬದಲು ಈ ಒಂದು ಭಾಗವನ್ನು ಬದಲಿಸಿದರೆ ಎಷ್ಟೋ ಹಳೆಯ ಕಂಪ್ಯೂಟರುಗಳು ಚುರುಕಾಗುತ್ತವೆ.

ಇನ್ನೂ ಸಣ್ಣ ಕಾರಣಗಳಿರುತ್ತವೆ. ಪ್ರತಿ ಸಲ ಕಂಪ್ಯೂಟರ್ ಹಳೆಯ ತಾರೀಖು ತೋರಿಸುತ್ತ, ಬ್ಯಾಂಕಿನ ಪುಟ ತೆರೆಯುವುದಿಲ್ಲ ಎನ್ನುತ್ತಿದ್ದರೆ, ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿರಬಹುದು. ಒಳಗಿನ ಫ್ಯಾನಿಗೆ ಧೂಳು ಮೆತ್ತಿದರೆ ಯಂತ್ರ ಕಾಯುತ್ತದೆ, ಕಾದ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇವು ಚಿಲ್ಲರೆ ಖರ್ಚಿನ ರಿಪೇರಿಗಳು.

ಹಾಗಾದರೆ ಆ ಮನೆಗೆ ಬೇರೆ ಕಂಪ್ಯೂಟರ್ ಬೇಡವೇ ಆಗಿತ್ತೇ? ಬೇಕಾಗಿತ್ತು. ಆದರೆ ಕಾರಣ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಇಲ್ಲವೇ ಅದರ ನಂತರದ್ದು ಬೇಕು. ಹತ್ತಾರು ಅಂಗಡಿಗಳ ಲೆಕ್ಕ, ಪಾಸ್‌ವರ್ಡ್ ಇಟ್ಟುಕೊಂಡವರು ಬಾಗಿಲಿಗೆ ಅಗುಳಿ ಇಲ್ಲದ ಯಂತ್ರದಲ್ಲಿ ಕೆಲಸ ಮಾಡುವುದು ಸರಿಯಲ್ಲ.

ಲೈನಕ್ಸ್ ಹಾಕಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದು ಉಚಿತ. ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಯೂನಿಕೋಡ್ ಕನ್ನಡ ಬರೆಯಬಹುದು, ಪ್ರೋಗ್ರಾಮಿಂಗ್ ಕಲಿಯಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ಪಾಠ ನಡೆಸಿವೆ. ಆದರೆ ತಂದೆಯ ಅನ್ನ ಇರುವುದು ಟ್ಯಾಲಿಯಲ್ಲಿ, ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಮಗಳಿಗೆ ಒಪ್ಪುವುದು ತಂದೆಗೆ ಒಪ್ಪಲಿಲ್ಲ.

ಅಗ್ಗದ ಕಂಪ್ಯೂಟರಿನ ಚಿಂತೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಸಂಸ್ಥೆಯೊಂದಿಗೆ ಸೇರಿ ‘ಸಿಂಪ್ಯೂಟರ್’ ರೂಪಿಸಿದರು. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳಬೇಕೆಂಬುದು ಅದರ ಕಲ್ಪನೆ. 2004ರಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಹೆಸರಿನಲ್ಲಿ ತಯಾರಿಸಿತು. ಮಾರುಕಟ್ಟೆಯಲ್ಲಿ ಅದು ಎಣಿಸಿದಷ್ಟು ನಡೆಯಲಿಲ್ಲ. ಆದರೆ ಅದನ್ನು ರೂಪಿಸಿದವರು ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಈ ಯಂತ್ರ ಯಾರಿಗೆ, ಯಾವ ಕೆಲಸಕ್ಕೆ?

ಅಂಕಲಗಿಯ ಆ ಮನೆ ಈ ಪ್ರಶ್ನೆಗೆ ಕೊಟ್ಟ ಉತ್ತರ ಎರಡು ಭಾಗದ್ದು. ಹಳೆಯದಕ್ಕೆ ಎಸ್‌ಎಸ್‌ಡಿ ಮತ್ತು ಲೈನಕ್ಸ್ ಹಾಕಿ ಮಗಳ ಓದಿಗೆ ಇಟ್ಟರು. ತಂದೆಗೆ ಕಂಪನಿಗಳಲ್ಲಿ ಬಳಸಿ ಬಿಟ್ಟ, ದುರಸ್ತಿಯಾಗಿ ಗ್ಯಾರಂಟಿಯೊಂದಿಗೆ ಬರುವ ಲ್ಯಾಪ್‌ಟಾಪ್ ತಂದರು. ಹೊಸದರ ಅರ್ಧಕ್ಕೂ ಕಡಿಮೆ ಹಣದಲ್ಲಿ ಎರಡೂ ಮುಗಿದವು.

ಹೀಗೆ ಬಳಸಿದ್ದನ್ನು ಕೊಳ್ಳುವಾಗಲೇ ಹಲ್ಲು ನೋಡುವುದು ಮುಖ್ಯ. ‘ಐ5’ ಎಂಬ ಚೀಟಿ ನೋಡಿ ಮರುಳಾಗಬಾರದು, ಅದು ವಯಸ್ಸು ಹೇಳುವುದಿಲ್ಲ. ಅದರ ಮುಂದಿನ ಅಂಕಿ ಹೇಳುತ್ತದೆ. ಐ5-4460 ನಾಲ್ಕನೆಯ ತಲೆಮಾರು, ಐ5-8500 ಎಂಟನೆಯದು. ರ್‍ಯಾಮ್ 8 ಜಿಬಿ ಇರಲಿ. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ವೈರು ಕಿತ್ತು ನೋಡಿ. ಕರೆಂಟು ಹೋಗಿ ಬರುವ ಊರಿನಲ್ಲಿ ಲ್ಯಾಪ್‌ಟಾಪಿಗೆ ಯುಪಿಎಸ್ ಖರ್ಚು ಉಳಿಯುವುದು ಆ ಬ್ಯಾಟರಿ ಗಟ್ಟಿಯಿದ್ದಾಗ ಮಾತ್ರ. ವಿಂಡೋಸ್ ಅಧಿಕೃತವೇ ಎಂದು ಕೇಳಿ, ಬಿಲ್ ಬಿಡಬೇಡಿ. ಮನೆಯ ಪ್ರಿಂಟರ್ ಅದಕ್ಕೆ ಹೊಂದುತ್ತದೆಯೇ ಎಂಬುದನ್ನೂ ವಿಚಾರಿಸಿ.

ಎಸ್‌ಎಸ್‌ಡಿಗೆ ಜಾಗ ಬಿಟ್ಟುಕೊಟ್ಟ ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಕಡತ ‘ಡಿಲೀಟ್’ ಮಾಡಿದ ಮಾತ್ರಕ್ಕೆ ಅದರಲ್ಲಿರುವುದು ಅಳಿಯುವುದಿಲ್ಲ. ಗಟ್ಟಿಯಿದ್ದರೆ ಹೊರಕವಚ ಹಾಕಿಸಿ ಲೆಕ್ಕಪತ್ರಗಳ ಎರಡನೆಯ ಪ್ರತಿ ಇಡಲು ಬಳಸಬಹುದು. ತೀರ ಕೆಟ್ಟದ್ದನ್ನು ತಾಮ್ರದಾಸೆಗೆ ಸುಡುವುದಂತೂ ಬೇಡ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು.

ಪಾಲಕರು ಮಕ್ಕಳ ಓದಿಗಾಗಿ ಕಂಪ್ಯೂಟರ್ ಕೊಳ್ಳುತ್ತಾರೆ. ಕೊಳ್ಳುವ ಮುನ್ನ ಆ ಮಕ್ಕಳನ್ನೇ ಕೂಡಿಸಿಕೊಂಡು ಒಂದು ಹಾಳೆಯಲ್ಲಿ ಮನೆಯ ಕೆಲಸಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಅದಕ್ಕೆ ಬೇಕಾದದ್ದನ್ನು ಬರೆಯಿಸಿದರೆ ಅದೂ ಒಂದು ಓದೇ. ಆ ಹಾಳೆ ಕಿಸೆಯಲ್ಲಿದ್ದರೆ ಅಂಗಡಿಯಲ್ಲಿ ಏನನ್ನು ಕೇಳಬೇಕು, ಯಾವುದನ್ನು ಬೇಡ ಎನ್ನಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.