ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ

ಕನ್ನಡದ ಮನೆಗಳಿಗೆ ಓಟ್ಸ್ ಬಂದದ್ದು ಬಹುಪಾಲು ರಕ್ತಪರೀಕ್ಷೆಯ ರಿಪೋರ್ಟಿನ ಬೆನ್ನಿಗೇ. ಯಜಮಾನರ ಕೊಲೆಸ್ಟ್ರಾಲ್ ಗೆರೆ ದಾಟಿರುತ್ತದೆ, ಡಾಕ್ಟರು ಕನ್ನಡಕ ಸರಿಮಾಡಿಕೊಂಡು ‘ಬೆಳಗ್ಗೆ ಓಟ್ಸ್ ತಗೊಳ್ಳಿ’ ಎಂದಿರುತ್ತಾರೆ. ಮಾರನೆಯ ದಿನದಿಂದ ದೋಸೆಯ ಜಾಗದಲ್ಲಿ ಬೂದುಬಣ್ಣದ ಗಂಜಿಯ ಬಟ್ಟಲು. ಮಕ್ಕಳು ಕಾಯಿಚಟ್ನಿ ಸವರಿಕೊಂಡು ಎರಡನೇ ದೋಸೆಗೆ ಕೈಚಾಚುವ ಹೊತ್ತಿಗೆ ಒಳಗಿನಿಂದ ‘ರೀ, ಓಟ್ಸ್ ಆರ್ತಾ ಇದೆ’ ಎಂಬ ಎಚ್ಚರಿಕೆ. ಆರಿದ ಓಟ್ಸ್ ಗಂಜಿ ಏನಾಗುತ್ತದೆಂದು ತಿಂದವರಿಗೇ ಗೊತ್ತು: ಚಮಚ ನೆಟ್ಟರೆ ನಿಲ್ಲುತ್ತದೆ.

ಡಾಕ್ಟರ ಮಾತು ತಪ್ಪಲ್ಲ. ಓಟ್ಸಿನಲ್ಲಿ ಬೀಟಾ-ಗ್ಲುಕಾನ್ ಎಂಬ ಕರಗುವ ನಾರಿದೆ. ಅದು ದಿನಕ್ಕೆ 3 ಗ್ರಾಂ ಹೊಟ್ಟೆ ಸೇರಿದರೆ ಹೃದಯಕ್ಕೆ ಒಳ್ಳೆಯದೆಂದು ಪೊಟ್ಟಣದ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿಗೆ ಕೊಟ್ಟಿತು. ತಮಾಷೆಯೆಂದರೆ, ಗಂಜಿ ಅಂಟಂಟಾಗುವುದಕ್ಕೂ ಕಾರಣ ಅದೇ ಬೀಟಾ-ಗ್ಲುಕಾನ್. ಈ ಅಂಟನ್ನು ದೂರುತ್ತ ಕೂರದೆ ಅದರಿಂದಲೇ ಕೆಲಸ ತೆಗೆದ ತಿಂಡಿಯೊಂದಿದೆ. ಓಟ್ಸಿಗೆ ಹಣ್ಣು, ಹಾಲು, ಸಿಹಿ ಕಲಸಿ, ಟ್ರೇಗೆ ಸುರಿದು ಓವನ್ನಿನಲ್ಲಿಟ್ಟರೆ ಮುಕ್ಕಾಲು ಗಂಟೆಯೊಳಗೆ ಚಾಕುವಿನಲ್ಲಿ ಕೊಯ್ದು ಬಡಿಸುವಷ್ಟು ಗಟ್ಟಿಯಾಗಿ ಬರುತ್ತದೆ. ಮೇಲೆ ಕೆಂಪಗೆ, ಅಂಚಿನಲ್ಲಿ ಗರಿಗರಿ, ಒಳಗೆ ಮೆತ್ತಗೆ. ಅಮೆರಿಕದಲ್ಲಿ ಇದಕ್ಕೆ ಬೇಕ್ಡ್ ಓಟ್‌ಮೀಲ್ ಎನ್ನುತ್ತಾರೆ.

ಅಲ್ಲಿ ಇದರ ಹೆಸರು ಹೇಳಿದೊಡನೆ ನೆನಪಾಗುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ. ಆಮಿಷ್ ಮತ್ತು ಮೆನೊನೈಟ್ ಪಂಗಡದವರ ಸೀಮೆ ಅದು. ಸ್ವಿಟ್ಜರ್ಲೆಂಡ್, ಜರ್ಮನಿಗಳಿಂದ 18ನೇ ಶತಮಾನದಲ್ಲಿ ಬಂದು ನೆಲೆಸಿದವರ ವಂಶಸ್ಥರು. ಆಮಿಷರು ಇವತ್ತಿಗೂ ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಓಟ್ಸ್ ಕುದುರೆಗೆ ಹಾಕುವ ಕಾಳೆಂದು ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಸ್ಕಾಟ್‌ಲೆಂಡಿನವರನ್ನು ಛೇಡಿಸಿದ್ದನಲ್ಲ, ಲ್ಯಾಂಕಾಸ್ಟರಿನಲ್ಲಿ ಕುದುರೆಗೂ ಯಜಮಾನನಿಗೂ ಅದೇ ಕಾಳು ನಡೆಯುತ್ತದೆ, ಯಾರಿಗೂ ಮುಜುಗರವಿಲ್ಲ. ಆ ಸೀಮೆಯ ಅಡುಗೆಯಲ್ಲಿ ಹೈನು ಧಾರಾಳ. ಅಲ್ಲಿನ ಬೇಕ್ಡ್ ಓಟ್‌ಮೀಲಿಗೆ ಎರಡು ಮೊಟ್ಟೆ, ಅರ್ಧ ಬಟ್ಟಲು ಬೆಣ್ಣೆ, ಹಾಲು, ಕಂದು ಸಕ್ಕರೆ ಬೀಳುತ್ತವೆ. ಸಾಲದೆಂಬಂತೆ ಬಡಿಸಿದ ಮೇಲೆ ತಣ್ಣನೆಯ ಹಾಲನ್ನು ಮತ್ತೆ ಸುರಿದುಕೊಳ್ಳುತ್ತಾರೆ. ಹೊಲದಲ್ಲಿ ದುಡಿಯುವವರಿಗೆ ಅದು ಸರಿಯೇ. ಕಂಪ್ಯೂಟರ್ ಮುಂದೆ ಕೂರುವವರಿಗೆ ಭಾರ.

ಮೊಟ್ಟೆ, ಬೆಣ್ಣೆ, ಹಾಲು ಮೂರನ್ನೂ ತೆಗೆದುಬಿಟ್ಟರೆ ಉಳಿಯುವುದೇನು ಎಂಬುದು ವೀಗನ್ ಅಡುಗೆಯ ಪ್ರಶ್ನೆ. ಓಟ್ಸಿನ ಮಟ್ಟಿಗೆ ಇದು ಹೊಸ ಪ್ರಶ್ನೆಯೇನಲ್ಲ. ಸ್ಕಾಟ್‌ಲೆಂಡಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಗಂಜಿ ಮಾಡುವ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಗೆದ್ದವರಿಗೆ ಗಂಜಿ ತಿರುವುವ ಕೋಲಿನ ಹೆಸರಿನ ‘ಗೋಲ್ಡನ್ ಸ್ಪರ್ಟಲ್’ ಪ್ರಶಸ್ತಿ. ಅದರ ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್ ನುಚ್ಚು, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವಂತಿಲ್ಲ. ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಕಟ್ಟಿದ್ದು 1944ರ ನವೆಂಬರಿನಲ್ಲಿ, ಯುದ್ಧಕಾಲದ ರೇಷನ್ನಿನಲ್ಲಿ ಹಾಲು ಮೊಟ್ಟೆಗಳಿಗೆ ಲೆಕ್ಕವಿದ್ದಾಗ. ಅದಕ್ಕೆ ಎಷ್ಟೋ ಮೊದಲೇ ಸ್ಕಾಟರ ಬಡವರ ಗಂಜಿ ಆ ನೇಮವನ್ನು ತಾನಾಗಿ ಪಾಲಿಸುತ್ತಿತ್ತು. ಅಂದಹಾಗೆ, ವಿಶ್ವ ವೀಗನ್ ದಿನ ಬರುವುದು ನವೆಂಬರ್ 1ಕ್ಕೆ. ರಾಜ್ಯೋತ್ಸವದ ಊಟದಲ್ಲಿ ತುಪ್ಪ ಬಿಡುವ ಗಳಿಗೆಯಲ್ಲಿ ಅದನ್ನು ನೆನಪಿಸುವವರು ಸ್ವಲ್ಪ ಧೈರ್ಯವಂತರೇ ಇರಬೇಕು.

ಕನ್ನಡದ ಅಡುಗೆಮನೆಗೆ ಮೊಟ್ಟೆ ಬಿಡುವುದು ಕಷ್ಟವಲ್ಲ. ಎಗ್‌ಲೆಸ್ ಕೇಕು ಬೀದಿಬೀದಿಯ ಬೇಕರಿಯಲ್ಲಿ ಸಿಗುತ್ತದೆ. ಆದರೆ ಆ ಕೇಕಿನ ಗುಟ್ಟೇ ಮೊಸರು ಮತ್ತು ಮಿಲ್ಕ್‌ಮೇಡ್. ಮೊಟ್ಟೆ ಬಿಟ್ಟವರು ಹಾಲಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಸಸ್ಯಾಹಾರಿ ಮನೆಗಳಿಗೆ ವೀಗನ್ ಬೇಕಿಂಗ್ ಸಲೀಸೆಂದು ಹೊರಗಿನವರು ಅಂದುಕೊಳ್ಳುತ್ತಾರೆ, ಹಾಗಿಲ್ಲ. ದಕ್ಷಿಣ ಭಾರತದ ವಯಸ್ಕರಲ್ಲಿ ಹೆಚ್ಚಿನವರಿಗೆ ಹಾಲಿನ ಲ್ಯಾಕ್ಟೋಸನ್ನು ಪೂರ್ತಿ ಅರಗಿಸುವ ಶಕ್ತಿ ಇಲ್ಲ ಎಂಬುದು ಬೇರೆ ಮಾತು. ಮೊಸರು, ಮಜ್ಜಿಗೆಯ ಮರೆಯಲ್ಲಿ ಅದು ಗೊತ್ತಾಗದೆ ನಡೆದುಹೋಗುತ್ತದೆ.

ಮೊಟ್ಟೆ ಹಾಲುಗಳನ್ನು ತೆಗೆಯುವ ಮೊದಲು ಅವು ಅಲ್ಲಿ ಏನು ಕೆಲಸ ಮಾಡುತ್ತಿದ್ದವೆಂದು ಕೇಳಿಕೊಂಡರೆ ಅರ್ಧ ಅಡುಗೆ ಮುಗಿದಂತೆ. ಮೊಟ್ಟೆ ಹಿಡಿದಿಡುತ್ತಿತ್ತು. ಬೆಣ್ಣೆ ಬಾಯಿಗೆ ಜಿಡ್ಡು ಕೊಡುತ್ತಿತ್ತು. ಹಾಲು ನೀರನ್ನೂ ಒಂದಿಷ್ಟು ಪ್ರೋಟೀನನ್ನೂ ತರುತ್ತಿತ್ತು. ಈ ಕೆಲಸಗಳನ್ನು ಹಂಚಿಕೊಳ್ಳುವವರು ಬೇಕು, ಅಷ್ಟೇ.

ಹಿಡಿದಿಡುವ ಕೆಲಸಕ್ಕೆ ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ ಅಗಸಿ ಇದೆ. ಜೋಳದ ರೊಟ್ಟಿಯ ಪಕ್ಕ ಹಿಂಡಿಯಾಗಿ ಕೂರುವ ಅದೇ ಅಗಸೆ ಬೀಜ. ಹಿಂಡಿಗೆ ಹುರಿಯುತ್ತಾರೆ, ಇಲ್ಲಿ ಹಸಿಯಾಗಿಯೇ ಪುಡಿಮಾಡಬೇಕು. ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಕಲಕಿದಾಗ ಮೊದಲು ಏನೂ ಆಗುವುದಿಲ್ಲ. ಕಂದು ಹೊಟ್ಟು ನೀರಿನಲ್ಲಿ ಅಲೆದಾಡುತ್ತಿರುತ್ತದೆ. ಐದು ನಿಮಿಷದಲ್ಲಿ ನೀರು ಮಂದವಾಗುತ್ತದೆ. ಹತ್ತು ನಿಮಿಷಕ್ಕೆ ಚಮಚ ಎತ್ತಿದರೆ ಎಳೆ ಬರುತ್ತದೆ, ಮೊಟ್ಟೆಯ ಬಿಳಿಯ ಹಾಗೆಯೇ ಜಾರಿ ಬೀಳುತ್ತದೆ. ಬೀಜದ ಸಿಪ್ಪೆಯಲ್ಲಿರುವ ಲೋಳೆಯೇ ಇದಕ್ಕೆ ಕಾರಣ. ಒಂದು ಮೊಟ್ಟೆಗೆ ಇಷ್ಟು ಸಮ ಎಂಬ ಲೆಕ್ಕ ವೀಗನ್ ಅಡುಗೆಯವರಲ್ಲಿ ರೂಢಿಯಲ್ಲಿದೆ. ಆದರೆ ಮೊಟ್ಟೆ ಬಿಸಿಗೆ ಹೆಪ್ಪುಗಟ್ಟುತ್ತದೆ, ಅಗಸೆಯ ಲೋಳೆ ಹಾಗೆ ಕಟ್ಟುವುದಿಲ್ಲ, ಬರೀ ಅಂಟಿಸುತ್ತದೆ. ಉಳಿದದ್ದನ್ನು ಓಟ್ಸಿನ ಪಿಷ್ಟ ಮತ್ತು ಮೇಲೆ ಬೈಸಿಕೊಂಡ ಬೀಟಾ-ಗ್ಲುಕಾನ್ ಸೇರಿ ಪೂರೈಸುತ್ತವೆ. ಅವು ಬಿಗಿಯಾಗುವುದು ಆರುವಾಗ. ಓವನ್ನಿನಿಂದ ತೆಗೆದ ಕೂಡಲೇ ಕೊಯ್ದರೆ ಕುಸಿಯುತ್ತದೆ, ಕಾಲು ಗಂಟೆ ಬಿಟ್ಟರೆ ಚೊಕ್ಕವಾಗಿ ಚೌಕ ಬರುತ್ತದೆ. ಗಂಜಿಯಲ್ಲಿ ಶಾಪವಾಗಿದ್ದ ಆರುವಿಕೆ ಇಲ್ಲಿ ಬೇಕೇ ಬೇಕು.

ಹಣ್ಣು ಇಲ್ಲಿ ಬರೀ ಅಲಂಕಾರಕ್ಕಲ್ಲ. ಬಾಳೆಹಣ್ಣು ಕಳಿತಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ; ಸಿಪ್ಪೆ ಕಪ್ಪಿಟ್ಟು, ಮನೆಯಲ್ಲಿ ಯಾರೂ ಮುಟ್ಟದೆ ಬುಟ್ಟಿಯಲ್ಲಿ ಉಳಿದದ್ದೇ ಇದಕ್ಕೆ ಶ್ರೇಷ್ಠ. ಎರಡು ಪಚ್ಚಬಾಳೆ ಅಥವಾ ನಾಲ್ಕೈದು ಏಲಕ್ಕಿ ಬಾಳೆಯನ್ನು ಮುಳ್ಳುಚಮಚದಲ್ಲಿ ಕಿವುಚಿದರೆ ಸಿಹಿಯೂ ಆಯಿತು, ಹಿಡಿತವೂ ಆಯಿತು. ಅಮೆರಿಕದ ಕನ್ನಡಿಗರಿಗೆ ಅಂಗಡಿಯಲ್ಲಿ ಸಿಗುವುದು ಪಚ್ಚಬಾಳೆಯ ಜಾತಿಗೇ ಸೇರಿದ ಕ್ಯಾವೆಂಡಿಷ್, ಅದು ಸಾಕು. ನಂಜನಗೂಡು ರಸಬಾಳೆಯನ್ನು ದಯವಿಟ್ಟು ಯಾರೂ ಓವನ್ನಿಗೆ ಹಾಕಬೇಡಿ, ಅದು ಹಾಗೇ ತಿನ್ನುವ ಹಣ್ಣು.

ಓಟ್ಸ್ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಅವಲಕ್ಕಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟು ತೆಗೆದ ಕಾಳನ್ನು ಹಬೆಯಲ್ಲಿ ಮೆತ್ತಗಾಗಿಸಿ ರೋಲರುಗಳ ನಡುವೆ ಒತ್ತಿದರೆ ರೋಲ್ಡ್ ಓಟ್ಸ್, ಅಂದರೆ ದಪ್ಪ ಅವಲಕ್ಕಿ. ಇನ್ನೂ ತೆಳ್ಳಗೆ ಒತ್ತಿದ್ದು ಇನ್‌ಸ್ಟಂಟ್ ಓಟ್ಸ್, ಅದು ಪೇಪರ್ ಅವಲಕ್ಕಿ. ಪೇಪರ್ ಅವಲಕ್ಕಿಯನ್ನು ಮುಕ್ಕಾಲು ಗಂಟೆ ಹಸಿಯಲ್ಲಿ ಬೇಯಿಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ನುಚ್ಚಿನಂತೆ ಕತ್ತರಿಸಿದ ಸ್ಟೀಲ್‌ಕಟ್ ಓಟ್ಸ್ ಈ ಹದಕ್ಕೆ ಬೇಯುವುದೇ ಇಲ್ಲ. ಓಟ್ಸ್ ಕಾಳಿನಲ್ಲಿ ಅಕ್ಕಿ ಗೋಧಿಗಿಂತ ಜಿಡ್ಡು ಜಾಸ್ತಿ, ಬೇಗ ಕನರುತ್ತದೆ. ಗಿರಣಿಯಲ್ಲಿ ಶಾಖ ಕೊಡುವುದು ಆ ಕನರುವಿಕೆಯನ್ನು ತಡೆಯಲೂ ಹೌದು. ಹೀಗೆ ಕೆಡದ ಓಟ್ಸನ್ನು ಪೀಪಾಯಿಯಿಂದ ಪೊಟ್ಟಣಕ್ಕೆ ತಂದು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಓಹಾಯೋದ ವ್ಯಾಪಾರಿಗಳ ಪಾಲು ದೊಡ್ಡದು. ಅಲ್ಲಿನ ಕ್ವೇಕರ್ ಓಟ್ಸಿನ ಗುರುತು ನೋಂದಣಿಯಾದದ್ದು 1877ರಲ್ಲಿ.

ಹಾಲಿನ ಜಾಗಕ್ಕೆ ಬರುವವರು ಹಲವರು. ಸೋಯಾ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿಗೆ ಹತ್ತಿರ, ಅದಕ್ಕೇ ತಿಂಡಿ ಚೆನ್ನಾಗಿ ಕೆಂಪಾಗುತ್ತದೆ. ಪೊಟ್ಟಣದ ಬಾದಾಮಿ ಹಾಲು ಬಹುಪಾಲು ನೀರು. ದುಡ್ಡು ಕೊಟ್ಟು ತರುವಷ್ಟು ಅದರಲ್ಲಿ ಏನೂ ಇಲ್ಲ. ಓಟ್ಸ್ ಹಾಲಿನದು ಬೇರೆಯೇ ಕಥೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಎಸ್ಟೆ 1990ರ ದಶಕದಲ್ಲಿ ಕಿಣ್ವಗಳಿಂದ ಓಟ್ಸಿನ ಪಿಷ್ಟವನ್ನು ಒಡೆದು, ಅಂಟಾಗದ, ತಾನಾಗಿ ಸಿಹಿಯಿರುವ ಪಾನೀಯ ಮಾಡುವ ವಿಧಾನ ಕಂಡುಹಿಡಿದರು. ಬೆಂಗಳೂರಿನ ಕೆಫೆಗಳಲ್ಲಿ ಹೆಚ್ಚುವರಿ ಬೆಲೆಗೆ ಕಾಫಿಗೆ ಸುರಿಯುವ ಓಟ್ ಮಿಲ್ಕ್ ಅದೇ ಜಾಡಿನದು. ಇವೆಲ್ಲಕ್ಕಿಂತ ಕರಾವಳಿಯ ಮನೆಗಳಿಗೆ ಕೈಗೆಟುಕುವುದು ಕಾಯಿಹಾಲು. ಒಂದು ಪಾಲು ಗಟ್ಟಿ ಕಾಯಿಹಾಲಿಗೆ ಒಂದು ಪಾಲು ನೀರು ಬೆರೆಸಿದರೆ ಬೆಣ್ಣೆಯ ಕೆಲಸವೂ ಅಲ್ಲೇ ಮುಗಿಯಿತು. ಹಣ್ಣು, ತರಿ, ಬೆಲ್ಲ, ಕಾಯಿ ಕೂಡಿಸಿ, ಮುಚ್ಚಳದ ಮೇಲೆ ಕೆಂಡ ಹೇರಿ ಬೇಯಿಸುವ ಕ್ರಮ ಕರಾವಳಿಗೆ ಅಪರಿಚಿತವೂ ಅಲ್ಲ. ಕೊಂಕಣಿ ಮನೆಗಳ ಸೌತೆಕಾಯಿ ತವಸಳಿಯನ್ನು ತಿಂದವರು ಬೇಕ್ಡ್ ಓಟ್‌ಮೀಲಿನ ಮೊದಲ ತುತ್ತಿಗೆ ಅಷ್ಟೇನೂ ಬೆರಗಾಗುವುದಿಲ್ಲ.

ಸಿಹಿಯಲ್ಲಿ ವೀಗನ್ನರಿಗೆ ಇನ್ನೊಂದು ತಕರಾರಿದೆ. ಜೇನು ಆಗದು ಎನ್ನುವುದು ಗೊತ್ತಿರುವ ಮಾತು. ಅಮೆರಿಕದಲ್ಲಿ ಕೆಲವು ಕಾರ್ಖಾನೆಗಳು ಕಬ್ಬಿನ ಸಕ್ಕರೆಯನ್ನು ಬೆಳ್ಳಗೆ ಮಾಡಲು ದನದ ಮೂಳೆಯ ಇದ್ದಿಲಿನಲ್ಲಿ ಸೋಸುತ್ತವೆ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕಶ್ಮಲ ತೆಗೆಯಲು ಹಾಕುವುದು ಬೆಂಡೆಗಿಡದ ಲೋಳೆ. ಮಂಡ್ಯದ ಬೆಲ್ಲಕ್ಕೆ ಇದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಸಿಗಲಾರದು.

ಇನ್ನು ಕಲಸುವುದು. ಎರಡು ಬಟ್ಟಲು, ಅಂದರೆ ಸುಮಾರು 200 ಗ್ರಾಂ ರೋಲ್ಡ್ ಓಟ್ಸಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಒಂದು ಟೀ ಚಮಚ ಚಕ್ಕೆಪುಡಿ, ಅರ್ಧ ಟೀ ಚಮಚ ಉಪ್ಪು. ಇನ್ನೊಂದು ಪಾತ್ರೆಯಲ್ಲಿ ಕಿವುಚಿದ ಬಾಳೆ, ಅಗಸೆಯ ಲೋಳೆ, ಒಂದೂಮುಕ್ಕಾಲು ಬಟ್ಟಲು ಹಾಲು, ಮೂರು ದೊಡ್ಡ ಚಮಚ ಬೆಲ್ಲದ ಪುಡಿ. ಕಾಯಿಹಾಲು ಅಲ್ಲದಿದ್ದರೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಯೋ ನುಣ್ಣಗೆ ಅರೆದ ಶೇಂಗಾವೋ ಸೇರಬೇಕು. ಎರಡನ್ನೂ ಕೂಡಿಸಿದಾಗ ದೋಸೆ ಹಿಟ್ಟಿಗಿಂತ ನೀರಾಗಿ ಕಾಣುತ್ತದೆ. ಗಾಬರಿಬಿದ್ದು ಓಟ್ಸ್ ಸೇರಿಸಬಾರದು, ಅದೆಲ್ಲವನ್ನೂ ಓಟ್ಸ್ ಕುಡಿಯುತ್ತದೆ. 20 ಸೆಂಟಿಮೀಟರಿನ ಚೌಕ ಟ್ರೇಗೆ ಎಣ್ಣೆ ಸವರಿ ಸುರಿದು, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ನಡುವೆ ಬೆರಳಿನಿಂದ ಒತ್ತಿದರೆ ಅಲುಗದೆ ಮೆತ್ತಗೆ ಹಿಂದಕ್ಕೆ ಬಂದರೆ ಆಯಿತು.

ಬಾಳೆಯ ಜೊತೆಗೆ ಬೀಳುವ ಒಂದು ಬಟ್ಟಲು ಹಣ್ಣಿನಲ್ಲಿ ಸೇಬಿಗೆ ಮೊದಲ ಮಣೆ. ಹುಳಿಯಿರುವ ಹಸಿರು ಸೇಬು ಬೆಂದರೂ ಆಕಾರ ಬಿಡುವುದಿಲ್ಲ. ಅನಾನಸ್ ಅಂಚುಗಳಲ್ಲಿ ಚೆನ್ನಾಗಿ ಕಮರುತ್ತದೆ. ವಿಜಯಪುರದ ಒಣದ್ರಾಕ್ಷಿ ಒಂದು ಹಿಡಿ ಇದ್ದರೆ ಬೆಲ್ಲವನ್ನು ಇನ್ನೂ ಇಳಿಸಬಹುದು. ಪಪ್ಪಾಯಿ ಸಪ್ಪೆಯಾಗುತ್ತದೆ, ಸೀಬೆಯ ಬೀಜ ಹಲ್ಲಿಗೆ ಸಿಗುತ್ತದೆ, ಹಲಸು ಉಳಿದೆಲ್ಲ ವಾಸನೆಯನ್ನೂ ನುಂಗಿಬಿಡುತ್ತದೆ. ಮಾವು ಬೇಯಿಸಿದರೆ ದಂಡ. ಹೋಳು ಮಾಡಿ ಬಡಿಸುವಾಗ ಮೇಲಿಟ್ಟುಕೊಳ್ಳುವುದೇ ಸರಿ. ಬ್ಲೂಬೆರಿಯನ್ನು ಅಮೆರಿಕದವರು ಬಹಳ ಹಚ್ಚಿಕೊಂಡಿದ್ದಾರೆ. ಫ್ರೀಜರಿನದಾದರೆ ಕರಗಿಸದೆ ಹಾಕಬೇಕು, ಇಲ್ಲದಿದ್ದರೆ ಬಣ್ಣ ಬಿಟ್ಟು ಇಡೀ ಟ್ರೇ ನೇರಳೆಯಾಗುತ್ತದೆ. ಬೇಕಿಂಗ್ ಪೌಡರಿನ ಬದಲು ಸೋಡಾ ಜಾಸ್ತಿ ಬಿದ್ದರಂತೂ ಕ್ಷಾರಕ್ಕೆ ಆ ಬಣ್ಣ ತಿರುಗಿ, ಹಣ್ಣಿನ ಸುತ್ತ ಪಾಚಿಹಸಿರು ಉಂಗುರ ಮೂಡುತ್ತದೆ. ತಿನ್ನಲು ಅಪಾಯವೇನಿಲ್ಲ, ನೆಂಟರ ಮುಂದೆ ಇಡಲಾಗದು.

ಬೆಳಗಿನ ಗಡಿಬಿಡಿಯಲ್ಲಿ ಓವನ್ ಹಚ್ಚುವವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಭಾನುವಾರ ಸಂಜೆ ಮಾಡಿಟ್ಟರೆ ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ತುಂಡನ್ನು ತವೆಯ ಮೇಲೆ ಎರಡೂ ಬದಿ ಬಿಸಿಮಾಡಿದರೆ ಅಂಚಿನ ಗರಿಗರಿ ಮತ್ತೆ ಬರುತ್ತದೆ, ಮೈಕ್ರೋವೇವಿನಲ್ಲಿ ಬರುವುದಿಲ್ಲ. ಓವನ್ ಇಲ್ಲದವರು ಮನೆಯಲ್ಲಿ ಕೇಕ್ ಮಾಡುವ ಹಳೆಯ ಉಪಾಯವನ್ನೇ ಹಿಡಿಯಬಹುದು: ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಮೋಸವಿಲ್ಲ.